ಹಾಲೆಂಡಿಗೆ 22 ವಿದ್ಯಾರ್ಥಿಗಳು, 8 ದಿನ. ಏನು ತೋರಿಸಲಿ?

ಮಂಡ್ಯದ ಮೇಷ್ಟ್ರು:
ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ಅಕ್ಟೋಬರ್‌ನಲ್ಲಿ 22 ಹುಡುಗ ಹುಡುಗಿಯರನ್ನು ನೆದರ್‌ಲ್ಯಾಂಡ್ಸ್‌ಗೆ ಕರೆದುಕೊಂಡು ಹೋಗಬೇಕು. ನೀರಿನ ಕೆಲಸ, ಡಿಸೈನ್, ಪರಿಸರ ಇವನ್ನು ನೋಡಿ ಬರೋಣ ಅಂತ. ಟ್ರಾವೆಲ್ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಇರುವುದು ಕ್ಯೂಕನ್‌ಹೋಫ್ ಹೂದೋಟ, ದೋಣಿ ಸವಾರಿ, ಚೀಸ್ ಅಂಗಡಿ, ಮೇಣದ ಬೊಂಬೆಗಳು. ಎಂಜಿನಿಯರಿಂಗ್ ಹೆಸರಿನಲ್ಲಿ ಗಾಳಿಯಂತ್ರದ ಮುಂದೆ ನಲವತ್ತು ನಿಮಿಷ. ಅದೂ ಫೋಟೊ ತೆಗೆಯೋಕೆ.

ಇಬ್ಬರ ಮನೆಯಲ್ಲಿ ಕಬ್ಬಿನ ಬಿಲ್ ಬಂದ ಮೇಲೆ ದುಡ್ಡು ಕಟ್ಟುತ್ತೇವೆ ಎಂದಿದ್ದಾರೆ. ಆ ದುಡ್ಡಿನಲ್ಲಿ ಹೋಗಿ ಚೀಸ್ ರುಚಿ ನೋಡಿ ಬರೋಕೆ ನನಗೆ ಮನಸ್ಸಿಲ್ಲ. ಯಾವುದನ್ನು ಬಿಡಬಾರದು, ಹೇಳಿ. ಊಟದ ಕಥೆ ಏನು? ಒಬ್ಬ ಈಗಲೇ ಮುದ್ದೆ ಸಿಗುತ್ತಾ ಸಾರ್ ಅಂತ ಕೇಳುತ್ತಿದ್ದಾನೆ.

ನಾಲೆ ಪಕ್ಕದವಳು:
ಸರ್, ನಾನು ಪಾಂಡವಪುರದ ಕಡೆಯವಳು. ಡೆಲ್ಫ್ಟ್‌ನಲ್ಲಿ ಎರಡು ವರ್ಷ ಓದಿದೆ. ಮೊದಲು ಹೂದೋಟ ತೆಗೆಸಿ. ಅದು ತೆರೆದಿರುವುದು ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ. ಅಕ್ಟೋಬರ್‌ನಲ್ಲಿ ಬೀಗ! ಹಳೇ ಪಟ್ಟಿಯನ್ನೇ ಕಳಿಸಿದ್ದಾರೆ.

ಆ ದಿನವನ್ನು ರಾಟರ್‌ಡ್ಯಾಮ್ ಹತ್ತಿರದ ಮಾಸ್ಲಾಂಟ್‌ಕೇರಿಂಗ್‌ಗೆ ಕೊಡಿ, ಸಮುದ್ರದ ನೀರು ನುಗ್ಗದಂತೆ ನದಿಗೆ ಹಾಕಿರುವ ದೊಡ್ಡ ಗೇಟು ಅದು. 1953ರ ಪ್ರವಾಹದಲ್ಲಿ 1,836 ಜನ ಸತ್ತ ಮೇಲೆ ಪ್ರವಾಹ ತಡೆಯೋಕೆ ಡೆಲ್ಟಾ ಯೋಜನೆ ಹುಟ್ಟಿತು. ಅದರಲ್ಲಿ ಇದು 1997ರಲ್ಲಿ ಶುರುವಾದ ತಡೆ. ಎರಡು ಬಾಗಿಲು, ಒಂದೊಂದೂ 210 ಮೀಟರ್ ಉದ್ದ, 22 ಮೀಟರ್ ಎತ್ತರ. ಮಾಮೂಲಿ ದಿನ ದಡದಲ್ಲೇ ಇರುತ್ತವೆ, ಹಡಗುಗಳು ಆರಾಮಾಗಿ ಓಡಾಡುತ್ತವೆ. ಸಮುದ್ರ 3 ಮೀಟರ್ ಏರುವ ಲೆಕ್ಕ ಬಂದರೆ ಮುಚ್ಚಬೇಕಾ ಅಂತ ಕಂಪ್ಯೂಟರೇ ತೀರ್ಮಾನಿಸುತ್ತದೆ. ಬಾಗಿಲನ್ನು ತೇಲಿಸಿ ನದಿಯ ನಡುವೆ ತಂದು, ಒಳಗೆ ನೀರು ತುಂಬಿ ಮುಳುಗಿಸುತ್ತಾರೆ. ಹೋಗುವ ಮುಂಚೆ ಕೆಆರ್‌ಎಸ್‌ನಲ್ಲಿ ವಿಶ್ವೇಶ್ವರಯ್ಯನವರು ಹಾಕಿಸಿದ ಆಟೋಮ್ಯಾಟಿಕ್ ಗೇಟಿನ ಪಾಠ ಮಾಡಿಬಿಡಿ ಸರ್. ನೀರು ಮಟ್ಟ ಮೀರಿದರೆ ನೀರಿನ ಬಲದಿಂದಲೇ ಗೇಟ್ ತೆರೆಯುವ ಉಪಾಯ ಅದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹುಡುಗರು ಸುಮ್ನೆ ಇರಲ್ಲ, ಪ್ರಶ್ನೆ ಕೇಳ್ತಾರೆ.

ಡಿಸೈನ್‌ಗೆ ಅಕ್ಟೋಬರ್ ಒಳ್ಳೇದೇ ಆಯ್ತು. ಐಂಡ್‌ಹೋವನ್‌ನ ಡಚ್ ಡಿಸೈನ್ ವೀಕ್ ಆ ತಿಂಗಳೇ. ಉಟ್ರೆಕ್ಟ್‌ನಲ್ಲಿ ವಾಸ್ತುಶಿಲ್ಪಿ ರೀಟ್‌ವೆಲ್ಡ್ ಡಿಸೈನ್ ಮಾಡಿದ 1924ರ ಮನೆ ನೋಡಿ, ಮಹಡಿಯ ಗೋಡೆಗಳನ್ನು ಸರಿಸಿ ಕೋಣೆ ಮಾಡಿಕೊಳ್ಳಬಹುದು. ಚಿಕ್ಕ ಮನೆ, ಮುಂಚೆಯೇ ಬುಕ್ ಮಾಡಿ. ಅದೇ ಊರಿನ ರೈಲ್ವೆ ಸ್ಟೇಷನ್ ಪಕ್ಕ 12,500 ಸೈಕಲ್ ಹಿಡಿಯುವ ಸ್ಟ್ಯಾಂಡ್ ಇದೆ. ನನ್ನ ಸೈಕಲ್ ಎಲ್ಲಿಟ್ಟೆ ಅಂತ ಮರೆತು ಮುಕ್ಕಾಲು ಗಂಟೆ ಸುತ್ತಿದ್ದೆ.

ಅಡುಗೆಮನೆ ಇರುವ ಹಾಸ್ಟೆಲ್ ಹಿಡಿದು ರಾಗಿ ಹಿಟ್ಟು ಒಯ್ಯಿರಿ. ತುಪ್ಪ ಮಾತ್ರ ಬೇಡ, ಹಾಲಿನ ಪದಾರ್ಥ ಆ ದೇಶದ ಒಳಗೆ ಬಿಡಲ್ಲ.

ಮೈಸೂರಿನ ನಿವೃತ್ತ:
ಮೇಷ್ಟ್ರೇ, ನಾನು ಮೂವತ್ತು ವರ್ಷ ನಾಲೆ ಕೆಲಸ ಮಾಡಿದವನು. ಗೇಟು ನೋಡಿದರೆ ಅರ್ಧ ಆಯಿತು ಅಷ್ಟೆ. ನೀರು ಯಾರ ಕೈಯಲ್ಲಿದೆ ಅಂತಲೂ ನೋಡಬೇಕಲ್ವಾ? ಅಲ್ಲಿ ವಾಟರ್‌ಸ್ಕಾಪ್ ಅನ್ನುವ ನೀರಿನ ಮಂಡಳಿಗಳಿವೆ. 13ನೇ ಶತಮಾನದಿಂದ ಬಂದ ಪದ್ಧತಿ. ಅದಕ್ಕೇ ಬೇರೆ ಚುನಾವಣೆ, ಬೇರೆ ತೆರಿಗೆ. ನಮ್ಮ ಕೆರೆಯ ನೀರುಗಂಟಿಯನ್ನು ವೋಟು ಹಾಕಿ ಆರಿಸಿದ ಹಾಗೆ ಅಂದುಕೊಳ್ಳಿ. ಒಂದು ಮಂಡಳಿಗೆ ಈಗಲೇ ಪತ್ರ ಬರೆಯಿರಿ. ನಾಲೆಯ ಕೊನೆ ಭಾಗದ ರೈತನ ಮಗ ನಿಮ್ಮ ತಂಡದಲ್ಲಿದ್ದರೆ ಮೊದಲ ಪ್ರಶ್ನೆ ಅವನೇ ಕೇಳಲಿ.

ಮಂಡ್ಯದ ಮೇಷ್ಟ್ರು:
ಏಜೆಂಟಿಗೆ ಫೋನ್ ಮಾಡಿದೆ. ಹೂ ಇಲ್ಲದಿದ್ದರೂ ಗೇಟಿನ ಹತ್ರ ಫೋಟೊ ತೆಗೆಸ್ತೀವಿ ಸಾರ್ ಅಂದ! ಹೂದೋಟ, ಬೊಂಬೆ ಎರಡನ್ನೂ ಹೊಡೆದು ಹಾಕಿಸಿದೆ. ಮಂಡಳಿಗೆ ಪತ್ರವನ್ನು ಇವತ್ತು ರಾತ್ರಿ ಬರೆಯುತ್ತೇನೆ. ಕೊನೆ ಭಾಗದ ಹುಡುಗ ಇದ್ದಾನೆ, ಮದ್ದೂರಿನ ಕಡೆಯವನು. ಮುದ್ದೆ ಕೇಳಿದವನೂ ಅವನೇ. ತಂಗ್ಯಮ್ಮಾ, 22 ಜನಕ್ಕೆ ಹಿಟ್ಟು ಎಷ್ಟು ಕೆಜಿ ಒಯ್ಯಲಿ?