ಚರ್ಚ್ ಶಾಲೆಗೆ ದೇಣಿಗೆ: ಚೆಕ್ ಯಾರ ಹೆಸರಿಗೆ?

ಎಲ್ಲರಿಗೂ ನಮಸ್ಕಾರ. ಉಡುಪಿ ಕಡೆಯ ನಮ್ಮ ಚರ್ಚಿನ ಕನ್ನಡ ಮಾಧ್ಯಮ ಅನುದಾನಿತ ಶಾಲೆ ಜೂನ್ ಹೊತ್ತಿಗೆ ಮತ್ತೆ ತುಂಬುತ್ತದೆ. ಪಠ್ಯಪುಸ್ತಕ, ಬಿಸಿಯೂಟ ಸರ್ಕಾರದಿಂದ ಬರುತ್ತವೆ, ಸಮವಸ್ತ್ರ ಬರುವುದಿಲ್ಲ. ನಿವೃತ್ತರಾದ ಶಿಕ್ಷಕರ ಜಾಗ ಖಾಲಿಯೇ ಇದೆ. ಶಾಲೆಯೇ ಸಂಬಳ ಕೊಟ್ಟು ಇಟ್ಟುಕೊಳ್ಳುವ ಗೌರವ ಶಿಕ್ಷಕಿಗೆ ಹಣ ಹೊಂದಿಸದಿದ್ದರೆ ಗಣಿತ ಕಲಿಸುವವರೇ ಇಲ್ಲ, ಅದೇ ನನಗೆ ದೊಡ್ಡ ಚಿಂತೆ.

ಹಳೆಯ ವಿದ್ಯಾರ್ಥಿಗಳು ಹಣ ಕೊಡಲು ಸಿದ್ಧರಿದ್ದಾರೆ, ಆದರೆ 80ಜಿ ರಸೀದಿ (ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಪಡೆಯಲು ಬೇಕಾದ ರಸೀದಿ) ಕೇಳುತ್ತಾರೆ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲದ್ದರಿಂದ ಚೆಕ್ಕೇ ಬೇಕು. ಮುಖ್ಯೋಪಾಧ್ಯಾಯಿನಿಯವರು ಶಾಲೆಯ ಖಾತೆ ಎನ್ನುತ್ತಾರೆ, ಧರ್ಮಗುರುಗಳು ಧರ್ಮಪ್ರಾಂತ್ಯದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಶಿಕ್ಷಣ ಮಂಡಳಿ ಎನ್ನುತ್ತಾರೆ. ಮಂಡಳಿಗೆ ಕೊಟ್ಟರೆ ಹಣ ನಮ್ಮ ಶಾಲೆಗೇ ಬರುತ್ತದೆಯೇ ಎಂಬುದು ದಾನಿಗಳ ಅಳುಕು.

ಇಂಥ ಶಾಲೆಗೆ ದೇಣಿಗೆ ಸಂಗ್ರಹಿಸಿದವರು ದಯವಿಟ್ಟು ತಿಳಿಸಿ: ಚೆಕ್ ಯಾರ ಹೆಸರಿಗೆ ಬರೆದಿರಿ? ‘ಈ ಶಾಲೆಯ ಗೌರವ ಶಿಕ್ಷಕಿಯ ಸಂಬಳಕ್ಕೆ ಮಾತ್ರ’ ಎಂದು ಪತ್ರ ಕೊಟ್ಟರೆ ಮಂಡಳಿ ಒಪ್ಪುತ್ತದೆಯೇ?