180 ಪೇಪರ್ ಬರೆದವರು ಹೇಳಿದರೆ ಸೆನ್ಸರ್ ಹಾಕಿಸಬಹುದಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಾವು ಬಸವನಗುಡಿಯವರು. ಅಪ್ಪನಿಗೆ 67 ವರ್ಷ, 12 ವರ್ಷದಿಂದ ಶುಗರ್. ಬರೀ ಮಾತ್ರೆ, ಇನ್ಸುಲಿನ್ ಇಲ್ಲ. ತೋಳಿಗೆ ಸೆನ್ಸರ್ ಅಂಟಿಸಿ ಮೊಬೈಲ್‌ನಲ್ಲೇ ಶುಗರ್ ನೋಡುವ 3 ತಿಂಗಳ ಪ್ಲ್ಯಾನ್ ತಗೊಳ್ಳಿ ಅಂತ ಒಂದು ಕಂಪನಿಯವರು ಬೆನ್ನು ಬಿದ್ದಿದ್ದಾರೆ. ನಾನು ಹಿಂದೆಮುಂದೆ ನೋಡಿದ್ದಕ್ಕೆ, ‘ನಮ್ಮ ಸಲಹೆಗಾರರು ಡಯಾಬಿಟಿಸ್ ಟೆಕ್ನಾಲಜಿಯಲ್ಲಿ 180 ಸಂಶೋಧನಾ ಪೇಪರ್ ಬರೆದವರು’ ಅಂತ ಎಂಟು ಪುಟದ ಪಟ್ಟಿ ಕಳಿಸಿದರು. ನಾನು ಬಿ.ಕಾಂ. ಓದಿದವನು, ಒಂದಕ್ಷರ ತಲೆಗೆ ಹೋಗಲಿಲ್ಲ. ಇದನ್ನು ಹೇಗೆ ನೋಡೋದು?

ಡಾಕ್ಟರ್: ಮದುವೆಗೆ ಎಷ್ಟು ಜನ ಬಂದಿದ್ದರು ಅನ್ನೋದರಿಂದ ಊಟ ಹೇಗಿತ್ತು ಅಂತ ಗೊತ್ತಾಗುವುದಿಲ್ಲ ಅಲ್ವಾ? ಇದೂ ಹಾಗೇ. 180 ಅನ್ನೋದನ್ನು ಪಕ್ಕಕ್ಕಿಡಿ.

ಪಬ್‌ಮೆಡ್ ಅಂತ ಒಂದು ತಾಣ ಇದೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಗ್ರಂಥಾಲಯದ್ದು, ಪುಕ್ಕಟೆ. ಅಲ್ಲಿ ಅವರ ಹೆಸರು ಹುಡುಕಿ. ನಮ್ಮವರ ಹೆಸರಲ್ಲಿ ಒಂದು ಫಜೀತಿ ಇದೆ: ‘ರಾವ್ ಎಸ್’ ಅಂತ ಹಾಕಿದರೆ ಸುರೇಶ, ಸುಧಾ, ಸತೀಶ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಸಂಶೋಧಕರಿಗೆ ಆಧಾರ್ ಥರ 16 ಅಂಕಿಯ ಆರ್ಕಿಡ್ ನಂಬರ್ ಇರುತ್ತದೆ. ಅದನ್ನು ಕೇಳಿ ತಗೊಳ್ಳಿ.

ಎಡಗಡೆ ಫಿಲ್ಟರ್ ಇರುತ್ತದೆ. ‘ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’ ಒತ್ತಿ. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೆನ್ಸರ್ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದ ಪ್ರಯೋಗಗಳು ಇಂಥವು. ಉದ್ದದ ಪಟ್ಟಿಗಳು ಇಲ್ಲಿ ಸರಕ್ಕನೆ ಇಳಿಯುತ್ತವೆ. ಉಳಿದವು ಹೆಚ್ಚಾಗಿ ಬೇರೆಯವರ ಕೆಲಸದ ಮೇಲೆ ಬರೆದ ರಿವ್ಯೂ, ಪತ್ರ, ಅಭಿಪ್ರಾಯ. ಕೆಟ್ಟದ್ದೇನಲ್ಲ, ನಾನೂ ಬರೆದಿದ್ದೇನೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿ ಸಿಗೋದು ಕಷ್ಟ.

ಮುಖ್ಯವಾಗಿ, ಪ್ರಯೋಗ ಯಾರ ಮೇಲೆ ನಡೆಯಿತು ನೋಡಿ. 2016ರಲ್ಲಿ ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಪ್ಯಾಕ್ಟ್ ಪ್ರಯೋಗವನ್ನೇ ತಗೊಳ್ಳಿ. ಸೆನ್ಸರ್ ಹಾಕಿದವರಲ್ಲಿ ಶುಗರ್ ತೀರಾ ಇಳಿದಿರುವ ಹೊತ್ತು 38% ಕಡಿಮೆಯಾಯಿತು. ಒಳ್ಳೆಯ ಕೆಲಸವೇ. ಆದರೆ ಅದರಲ್ಲಿದ್ದವರೆಲ್ಲ ಯುರೋಪಿನ ಟೈಪ್ 1 ರೋಗಿಗಳು, ಇನ್ಸುಲಿನ್ ಮೇಲೆ ಇದ್ದವರು. ಅವರ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿ, ಇಳಿಯಲಿಲ್ಲ, ಮೊದಲೇ ಚೆನ್ನಾಗಿತ್ತು. ಮಾತ್ರೆ ನುಂಗಿ ಮುದ್ದೆ ಉಣ್ಣುವ ನಿಮ್ಮಪ್ಪನಿಗೆ ಅದನ್ನು ಹಾಗೇ ಅಂಟಿಸಲು ಬರುವುದಿಲ್ಲ.

ಅದಕ್ಕೆ ದುಡ್ಡು ಕೊಟ್ಟಿದ್ದೂ ಆ ಸೆನ್ಸರ್ ಮಾಡುವ ಅಬಾಟ್ ಕಂಪನಿಯೇ. ಅಷ್ಟಕ್ಕೇ ಸುಳ್ಳು ಅಂತಲ್ಲ, ಪೇಪರಿನಲ್ಲೇ ಬರೆದಿದ್ದಾರೆ. ಬರೆಯದೆ ಮುಚ್ಚಿಟ್ಟರೆ ಅನುಮಾನ ಪಡಿ.

ಪ್ರಶ್ನೆ: ಪಟ್ಟಿಯ ಮೇಲೆ ‘ಎಚ್-ಇಂಡೆಕ್ಸ್ 40’ ಅಂತ ದಪ್ಪಕ್ಷರದಲ್ಲಿದೆ. ಏನದು?

ಡಾಕ್ಟರ್: 40 ಪೇಪರುಗಳನ್ನು ಬೇರೆ ಪೇಪರುಗಳಲ್ಲಿ ತಲಾ 40 ಸಲವಾದರೂ ಉಲ್ಲೇಖಿಸಿದ್ದಾರೆ ಅಂತ. ಹಿರ್ಷ್ ಅನ್ನೋ ಭೌತಶಾಸ್ತ್ರಜ್ಞ 2005ರಲ್ಲಿ ತಂದ ಲೆಕ್ಕ. ವಯಸ್ಸಿನ ಥರ, ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಗುಂಪಿನ ಇನ್ನೊಬ್ಬ ಸದಸ್ಯೆ: ನಡುವೆ ಬಾಯಿ ಹಾಕ್ತಿದ್ದೀನಿ, ಸಾರಿ. ನಮ್ಮ ಅತ್ತೆಗೆ ಸೆನ್ಸರ್ ಹಾಕಿಸಿದ್ದೇವೆ. ಮೊನ್ನೆ ರಾತ್ರಿ 2 ಗಂಟೆಗೆ ಅಲಾರಂ, 58 ಅಂತ. ಗಾಬರಿಯಾಗಿ ಸಕ್ಕರೆ ನೀರು ಕಲಸುತ್ತಾ ಬೆರಳು ಚುಚ್ಚಿ ನೋಡಿದರೆ 112! ಸುಮ್ನೆ ಮನೆಯವರೆಲ್ಲ ಎದ್ದು ಕೂತೆವು.

ಡಾಕ್ಟರ್: ಅತ್ತೆ ಆ ತೋಳಿನ ಮೇಲೇ ಮಲಗಿದ್ದರಾ?

ಸದಸ್ಯೆ: ಹೌದು! ಯಾವಾಗಲೂ ಎಡ ಮಗ್ಗುಲೇ.

ಡಾಕ್ಟರ್: ಹಾಗಾದರೆ ಅದೇ ಇರಬಹುದು. ಸೆನ್ಸರ್ ನೋಡೋದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಭಾರ ಬಿದ್ದರೆ ಅಲ್ಲಿಗೆ ರಕ್ತದ ಹರಿವು ತಗ್ಗಿ, ಶುಗರ್ ಇಳಿದಿದೆ ಅಂತ ಸುಳ್ಳು ತೋರಿಸುತ್ತದೆ. ಕಾಂಪ್ರೆಷನ್ ಲೋ ಅನ್ನುತ್ತೇವೆ. ಮುಂದಿನ ಸಲ ಬಲ ತೋಳಿಗೆ ಹಾಕಿಸಿ. ಅಲಾರಂ ಆದಾಗ ಬೆರಳು ಚುಚ್ಚಿ ನೋಡಿದ್ದು ಸರಿ, ಬಿಡಬೇಡಿ.

ಬಸವನಗುಡಿಯವರೇ, ನೀವೂ ನೋಡಿ. ಉಪಕರಣ ಎಲ್ಲಿ ತಪ್ಪುತ್ತದೆ ಅಂತ ಆ ಸಲಹೆಗಾರರು ಒಂದಾದರೂ ಪೇಪರ್ ಬರೆದಿದ್ದಾರಾ? ಬರೆದಿದ್ದರೆ ನನಗೆ ಅವರ ಮೇಲೆ ನಂಬಿಕೆ ಜಾಸ್ತಿ.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ಕೂತು ನೋಡಿದೆ. ಪ್ರಯೋಗ ಅಂತ ಉಳಿದದ್ದು 9. ಅದರಲ್ಲಿ ಇನ್ಸುಲಿನ್ ಇಲ್ಲದವರ ಮೇಲೆ 2. ತಪ್ಪುಗಳ ಬಗ್ಗೆ ಒಂದು ಸಿಕ್ಕಿತು, ಅಲ್ಲಿ ಅವರ ಹೆಸರೇ ಮೊದಲು.

ಡಾಕ್ಟರ್: ಮೊದಲ ಹೆಸರಾದರೆ ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದವರೇ. ಪರವಾಗಿಲ್ಲ, ಮನುಷ್ಯ ಗಟ್ಟಿ. ಆ ಎರಡನ್ನು ಪ್ರಿಂಟ್ ತೆಗೆದು ಅಪ್ಪನ ಡಾಕ್ಟರಿಗೆ ತೋರಿಸಿ. 3 ತಿಂಗಳ ಪ್ಲ್ಯಾನ್ ಬದಲು 14 ದಿನದ ಒಂದೇ ಸೆನ್ಸರ್ ಹಾಕಿ ನೋಡಿದರೆ ಸಾಕಾ ಅಂತಲೂ ಕೇಳಿ.