ಹೇಳಿಕೆ–ಊಹೆ ಪ್ರಶ್ನೆಗಳು: ರೀಸನಿಂಗ್ ಮೇಷ್ಟ್ರನ್ನು ಕೇಳಿ

ಹೊಸನಗರದ ಸದಸ್ಯೆ: ನಮಸ್ಕಾರ ಸರ್. ಮಾದರಿ ಪತ್ರಿಕೆಯ ಪ್ರಶ್ನೆ ಇದು. ಹೇಳಿಕೆ: ‘ಆಗುಂಬೆ ಘಾಟಿ ಬಂದ್ ಆಗಿದೆ. ಉಡುಪಿಗೆ ಹೋಗುವವರು ಹುಲಿಕಲ್ ಘಾಟಿಯಲ್ಲಿ ಹೋಗಿ.’ ಊಹೆ 1: ಹುಲಿಕಲ್‌ನಲ್ಲಿ ವಾಹನ ಓಡಾಡಬಹುದು. ಊಹೆ 2: ಹುಲಿಕಲ್ ರಸ್ತೆ ಆಗುಂಬೆಗಿಂತ ಚೆನ್ನಾಗಿದೆ. ನಾನು ‘ಎರಡೂ ಅಲ್ಲ’ ಅಂತ ಬರೆದೆ. ಮಳೆಗಾಲದಲ್ಲಿ ಅಲ್ಲೂ ಗುಡ್ಡ ಕುಸಿಯುತ್ತದೆ ಅಲ್ವಾ? ಕೀ ಉತ್ತರ ‘1 ಮಾತ್ರ’. ಇಂಥದ್ದರಲ್ಲೇ ಪ್ರತಿ ಸಲ ಅಂಕ ಹೋಗುತ್ತಿದೆ.

ಮೇಷ್ಟ್ರು: ಇದು ನನಗೆ ಚಿಂತೆ ಹಚ್ಚಿದ ಉತ್ತರ. ಚೆನ್ನಾಗಿ ಓದುವವರೇ ಇಲ್ಲಿ ಎಡವುತ್ತಾರೆ. ನಿಮ್ಮೂರ ರಸ್ತೆಯನ್ನು ನೀವು ಪ್ರಶ್ನೆಯೊಳಗೆ ತಂದಿರಿ. ಊಹೆ ನಿಜವೋ ಸುಳ್ಳೋ ಅಂತ ಕೇಳಿಲ್ಲ. ಹೇಳಿದವರು ಬಾಯಿಬಿಡದೆ ಅದನ್ನು ಒಪ್ಪಿಕೊಂಡಿದ್ದಾರಾ ಅಂತ ಮಾತ್ರ ಕೇಳಿದ್ದಾರೆ. ಊಹೆಯನ್ನು ಉಲ್ಟಾ ಮಾಡಿ ನೋಡಿ. ‘ಹುಲಿಕಲ್‌ನಲ್ಲೂ ವಾಹನ ಹೋಗುವುದಿಲ್ಲ’ ಅಂದರೆ ಆ ಸಲಹೆಗೆ ಅರ್ಥವೇ ಇಲ್ಲ. ಹಾಗಾಗಿ 1 ಬೇಕೇ ಬೇಕು. ‘ಹುಲಿಕಲ್ ರಸ್ತೆ ಚೆನ್ನಾಗಿಲ್ಲ’ ಅನ್ನಿ. ಗುಂಡಿ ಇದ್ದರೂ ತೆರೆದ ದಾರಿ ತಾನೇ? ಸಲಹೆ ಬೀಳಲಿಲ್ಲ. 2 ಬೇಡ.

ಉಲ್ಟಾ ಮಾಡುವಾಗ ಒಂದು ಎಚ್ಚರ. ‘ಎಲ್ಲರೂ ನೋಟಿಸ್ ಓದುತ್ತಾರೆ’ ಎಂಬುದರ ಉಲ್ಟಾ ‘ಯಾರೂ ಓದುವುದಿಲ್ಲ’ ಅಲ್ಲ, ‘ಕೆಲವರು ಓದುವುದಿಲ್ಲ’. ಕೆಲವರು ಓದದಿದ್ದರೂ ನೋಟಿಸ್ ದಂಡ ಆಗುವುದಿಲ್ಲ. ‘ಸ್ವಲ್ಪ ಜನರಾದರೂ ಓದುತ್ತಾರೆ’ ಎಂಬುದನ್ನು ಉಲ್ಟಾ ಮಾಡಿ, ಆಗ ‘ಯಾರೂ ಓದುವುದಿಲ್ಲ’. ಮತ್ತೆ ನೋಟಿಸ್ ಯಾಕೆ ಹಾಕಬೇಕು? ತಪ್ಪಾದ ಹತ್ತು ಪ್ರಶ್ನೆ ತೆಗೆದು, ಪ್ರತಿ ಊಹೆಯ ಪಕ್ಕ ಅದರ ಉಲ್ಟಾ ವಾಕ್ಯವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ನಾನು ನೋಡುತ್ತೇನೆ.

ಭದ್ರಾವತಿಯ ಸದಸ್ಯ: ಸರ್, ಊಹೆಗೂ ತೀರ್ಮಾನಕ್ಕೂ ಏನು ವ್ಯತ್ಯಾಸ?

ಮೇಷ್ಟ್ರು: ಊಹೆ ಹೇಳಿಕೆಗಿಂತ ಮುಂಚೆ ಇರುತ್ತದೆ. ತೀರ್ಮಾನ ಆಮೇಲೆ ಬರುತ್ತದೆ.

ಸಾಗರದ ಸದಸ್ಯ: ಇಷ್ಟೆಲ್ಲ ಯಾಕೆ? ಫಾರ್ವರ್ಡ್ ನೋಡಿ: ‘ಮಾತ್ರ, ಎಲ್ಲ, ಖಂಡಿತ ಅಂತ ಇದ್ದರೆ ಆ ಊಹೆ ತಪ್ಪು. ಐದು ಸೆಕೆಂಡಲ್ಲಿ ಉತ್ತರ!’

ಮೇಷ್ಟ್ರು: ಈ ವಾರ ಇದು ಮೂರನೇ ಸಲ. ದಯವಿಟ್ಟು ನಿಲ್ಲಿಸಿ. ‘ಅಂಗಳ ಒದ್ದೆಯಾಗಿದೆ, ರಾತ್ರಿ ಮಳೆ ಬಂದಿರಲೇಬೇಕು.’ ಇಲ್ಲಿ ಅಡಗಿರುವ ಊಹೆಯೇ ‘ಮಳೆ ಬಂದರೆ ಮಾತ್ರ ಅಂಗಳ ಒದ್ದೆಯಾಗುತ್ತದೆ’. ಬೆಳಿಗ್ಗೆ ಯಾರೋ ನೀರು ಹಾಕಿರಬಹುದು ಅಂದ ತಕ್ಷಣ ಆ ‘ಲೇಬೇಕು’ ಬಿದ್ದುಹೋಯಿತು. ಟ್ರಿಕ್ ನಂಬಿದವರಿಗೆ ಅಂಕವೂ ಹೋಯಿತು, ಬ್ಯಾಂಕ್ ಪರೀಕ್ಷೆಯಾದರೆ ಮೇಲೆ ಕಾಲು ಅಂಕ ಕಡಿತ.

ಸಾಗರದ ಸದಸ್ಯ: ನನ್ನ ತಮ್ಮ ಇದರಿಂದಲೇ ಪಾಸಾದ.

ತೀರ್ಥಹಳ್ಳಿಯ ಸದಸ್ಯೆ: ‘ಇದರಿಂದಲೇ’ ಅಂತ ಹೇಗೆ ಹೇಳುತ್ತೀರಿ? ಅವನು ಓದಿರಲಿಲ್ವಾ?

ಸಾಗರದ ಸದಸ್ಯ: ನಿಮ್ಮನ್ನು ಯಾರೂ ಕೇಳಿಲ್ಲ.

ಕೊಪ್ಪದ ಸದಸ್ಯ: ಅದಿರಲಿ, ಹುಲಿಕಲ್‌ನಲ್ಲಿ ಈಗ ಲಾರಿ ಬಿಡುತ್ತಾರಾ?

ತೀರ್ಥಹಳ್ಳಿಯ ಸದಸ್ಯೆ: ಆಗುಂಬೆಯ 14 ತಿರುವಿಗಿಂತ ಅದೇ ವಾಸಿ.

ಸಾಗರದ ಸದಸ್ಯ: ಒಂದು ಸಲ ಓಡಿಸಿ ನೋಡಿ, ಆಮೇಲೆ ಹೇಳಿ.

ಶಿಕಾರಿಪುರದ ಸದಸ್ಯೆ: ಸರ್, ‘ಬಲವಾದ ವಾದ, ದುರ್ಬಲ ವಾದ’ ಪ್ರಶ್ನೆಗೂ ಈ ಉಲ್ಟಾ ಕ್ರಮ ನಡೆಯುತ್ತದಾ?

ಮೇಷ್ಟ್ರು: ರಸ್ತೆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲಿ ಪರೀಕ್ಷೆ ಬರೆಯುವವರಿದ್ದಾರೆ.

ಭದ್ರಾವತಿಯ ಸದಸ್ಯ: ಊಹೆ, ತೀರ್ಮಾನ ಇನ್ನೊಮ್ಮೆ ಹೇಳಿ ಸರ್?

ಮೇಷ್ಟ್ರು: ಮೇಲೆ ಇದೆ.

ಹೊಸನಗರದ ಸದಸ್ಯೆ: ಸರ್, ಮೂರು ಬರೆದೆ. ಮೂರನೆಯದರಲ್ಲಿ ಮತ್ತೆ ‘ಯಾರೂ ಇಲ್ಲ’ ಅಂತ ಬರೆದು, ಹೊಡೆದುಹಾಕಿ, ‘ಕೆಲವರು ಇಲ್ಲ’ ಮಾಡಿದೆ.

ಮೇಷ್ಟ್ರು: ಫೋಟೋ ಹಾಕಿ. ಹೊಡೆದುಹಾಕಿದ್ದೂ ಕಾಣಲಿ.